ಹಾಲಿನ ಚರಿಗೆಯ ಚರಿತ್ರೆ



ಈಗ ನಮ್ಮ ಹುಡುಗರು ಕೂತಲ್ಲಿ ನಿಂತಲ್ಲಿ ಒಂದೇ ಮಾತು ಆಡ್ತಾರೆ: ಹಾಲು ಹಿಂಡೋ ಮಷಿನ್ ತಗೋಬೇಕೋ, ಬ್ಯಾಡೋ? ಎರಡು ಆಕಳು, ಒಂದು ಎಮ್ಮಿ ಇದ್ದವನೂ ಸಾಲದ ಲೆಕ್ಕ ಹಾಕ್ತಾನೆ. ಮಾತು ಒಳ್ಳೆಯದೇ. ಆದರೆ ಅದಕ್ಕೆ ಉತ್ತರ ಹುಡುಕುವ ಮೊದಲು ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿರಿ. ಅವರ ಅಪ್ಪನ ಕಾಲದಲ್ಲಿ ನಮ್ಮ ಕೇರಿಯ ಹಾಲು ಕೊಳ್ಳುವವರು ಯಾರಿದ್ದರು?

ಹಳೆಯ ಊರಿನ ಕಟ್ಟಳೆ ನಿಮಗೆ ಗೊತ್ತೇ ಇದೆ. ಸತ್ತ ದನ ಎಳೆಯುವ ಕೆಲಸ ನಮ್ಮದು. ಬದುಕಿದ ದನದ ಹಾಲು ಮಾತ್ರ ನಮ್ಮ ಕೈ ತಾಕಿದರೆ ಮೈಲಿಗೆ! ಅಸ್ಪೃಶ್ಯರ ಮನೆಯ ಹಾಲು, ಬೆಣ್ಣೆಗೆ ಊರೊಳಗೆ ಗಿರಾಕಿ ಇರಲಿಲ್ಲ. ದನ ಕಾಯಲಿಕ್ಕೆ ಬೇಕು, ಸಗಣಿ ಬಳಿಯಲಿಕ್ಕೆ ಬೇಕು, ಚರಿಗೆ ಮುಟ್ಟಲಿಕ್ಕೆ ಬ್ಯಾಡ.

ಈ ಚರಿಗೆಯ ಜಗಳ ಸಣ್ಣದಲ್ಲ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಎರಡು ಘಟನೆ ಬರೆದಿದ್ದಾರೆ. 1935ರ ನವೆಂಬರಿನಲ್ಲಿ ಅಹಮದಾಬಾದ್ ಜಿಲ್ಲೆಯ ಝಾನು ಗ್ರಾಮದಲ್ಲಿ ಅಸ್ಪೃಶ್ಯ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದರೆಂದು ಅವರ ಮೇಲೆ ಹಲ್ಲೆಯಾಯಿತು. 1936ರಲ್ಲಿ ಜೈಪುರ ಸಂಸ್ಥಾನದ ಚಕವಾರಾದಲ್ಲಿ ತಮ್ಮವರಿಗೇ ಊಟ ಹಾಕಿದ ಅಸ್ಪೃಶ್ಯನೊಬ್ಬ ಎಲೆಗೆ ತುಪ್ಪ ಬಡಿಸಿದನೆಂದು ಸವರ್ಣರು ಲಾಠಿ ಹಿಡಿದು ಬಂದರು. ಮಣ್ಣಿನ ಮಡಕೆ ಬಿಟ್ಟು ಲೋಹದ ಪಾತ್ರೆ ಹಿಡಿಯುವುದು, ತುಪ್ಪ ಉಣ್ಣುವುದು, ಇವೂ ಅಪರಾಧವಾಗಿದ್ದ ಕಾಲ ಅದು. ಇಂದು ನಿಮ್ಮ ಕೊಟ್ಟಿಗೆಯಲ್ಲಿ ತೊಳೆದು ಬೋರಲು ಹಾಕಿದ ಸ್ಟೀಲ್ ಬಕೆಟ್ ನೋಡುವಾಗ ಇದು ನೆನಪಿರಲಿ.

1927ರ ಮಾರ್ಚಿನಲ್ಲಿ ಮಹಾಡ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿರಿ ಎಂದರು. ಮರುವರ್ಷ ಮುಂಬಯಿ ಶಾಸನಸಭೆಯಲ್ಲಿ ಮಹಾರ ವತನದ ವಿರುದ್ಧ ಮಸೂದೆ ತಂದರು. ವತನ ರದ್ದಾಗುವ ಕಾನೂನು ಬಂದದ್ದು 1958ರಲ್ಲಿ. ಅಷ್ಟರೊಳಗೆ ನಮ್ಮ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿತ್ತು, 1950ರ ಸಂವಿಧಾನದ 17ನೇ ಕಲಮು ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ಆದರೆ ಕಲಮು ಹಾಲು ಕೊಳ್ಳೋದಿಲ್ಲ. ಕೊಳ್ಳುವ ಜಾಗವೊಂದು ಬೇಕಿತ್ತು.

ಆ ಜಾಗ ಕೊಟ್ಟದ್ದು ಸಹಕಾರ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಾಲು ಸಂಘ ಶುರುವಾಯಿತು, 1963ರಲ್ಲಿ ಪಕ್ಕದ ಕೊಲ್ಹಾಪುರದ ಸಂಘ. 1970ರಿಂದ ಆಪರೇಷನ್ ಫ್ಲಡ್ ಯೋಜನೆ ದೇಶದ ಹಳ್ಳಿಹಳ್ಳಿಗೆ ಡೇರಿ ಮುಟ್ಟಿಸಿತು. ಡೇರಿಯಲ್ಲಿ ಎರಡು ಹೊಸ ಸಂಗತಿ ಇದ್ದವು. ಒಂದು, ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತಿತ್ತು. ಬೆರೆತ ಹಾಲಿನಲ್ಲಿ ಯಾರದು ಯಾವುದೆಂದು ಯಾವ ಪಂಡಿತ ಹೇಳ್ಯಾನು? ಎರಡು, ಫ್ಯಾಟ್ ಅಳೆಯುವ ಗಾಜಿನ ನಳಿಗೆ. ಅಮೆರಿಕದ ಬ್ಯಾಬ್‌ಕಾಕ್ 1890ರಲ್ಲಿ ಒಂದು ವಿಧಾನ ಪ್ರಕಟಿಸಿದ. ನಮ್ಮ ಡೇರಿಗಳಿಗೆ ಬಂದದ್ದು ಸ್ವಿಟ್ಜರ್ಲೆಂಡಿನ ಗರ್ಬರನ ವಿಧಾನ. ಹಾಲಿಗೆ ಆಮ್ಲ ಬೆರೆಸಿ ಗರಗರ ತಿರುಗಿಸಿದರೆ ಕೊಬ್ಬು ಮೇಲೆ ನಿಲ್ಲುತ್ತದೆ, ಗೆರೆ ನೋಡಿ ಓದಿದರಾಯಿತು. ನಳಿಗೆ ಹೆಸರು ಕೇಳೋದಿಲ್ಲ, ಕೇರಿ ಕೇಳೋದಿಲ್ಲ.

ಹಾಗಂತ ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ನಳಿಗೆಗೆ ಜಾತಿ ಇಲ್ಲ, ಓದುವವನಿಗೆ ಇರಬಹುದು. ಅದಕ್ಕೇ ಚೀಟಿ ಕೈಯಲ್ಲಿ ಹಿಡಿದು ಅಂಕಿ ನೋಡಿರಿ. ಚೀಟಿ ಮರಾಠಿಯಲ್ಲಿ ಇದ್ದರೆ, ಕನ್ನಡ ಶಾಲೆ ಕಲಿತ ಅವ್ವನಿಗೆ ನೀವು ಓದಿ ಹೇಳಿರಿ. ಜಾತಿಯ ಕಾರಣಕ್ಕೆ ವ್ಯಾಪಾರ ಬಹಿಷ್ಕಾರ ಹಾಕಿದರೆ, 2016ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂಬುದೂ ಗೊತ್ತಿರಲಿ.

ಈಗ ಮಷಿನ್ ಮಾತಿಗೆ ಬರೋಣ. ಶುರುವಿನ ಯಂತ್ರಗಳು ಒಂದೇ ಸಮ ಹೀರಿ ಮೊಲೆತೊಟ್ಟು ಕೆಡಿಸುತ್ತಿದ್ದವು. ಕರು ಹಾಗೆ ಕುಡಿಯೋದಿಲ್ಲ, ಎಳೆಯುತ್ತದೆ, ಬಿಡುತ್ತದೆ. 1903ರ ಸುಮಾರಿಗೆ ಆಸ್ಟ್ರೇಲಿಯಾದ ಗಿಲ್ಲೀಸ್ ಎಂಬಾತ ಎರಡು ಪದರಿನ ಬಟ್ಟಲು ಮಾಡಿ, ಒಳಗಿನ ರಬ್ಬರು ಒಮ್ಮೆ ಒತ್ತಿ ಒಮ್ಮೆ ಬಿಡುವ ಹಾಗೆ ಮಾಡಿದ. ಇವತ್ತಿನ ಮಷಿನ್ ಅದರ ಮಗನೇ. ಅಂದರೆ ಕರುವಿನ ಬುದ್ಧಿ ಕಲಿತ ಮೇಲೇ ಯಂತ್ರ ಕೆಲಸ ಮಾಡಿತು.

ಆದ್ದರಿಂದ ಸಾಲದ ಮೊದಲು ರೂಢಿ ಸರಿಮಾಡಿಕೊಳ್ಳಿ. ಬೆಳಿಗ್ಗೆ, ಸಂಜೆ ಹಿಂಡುವ ಹೊತ್ತು ತಪ್ಪಬಾರದು. ಕೈ ತೊಳೆದು, ಕೆಚ್ಚಲು ಒರೆಸಿ, ಮೊದಲ ನಾಲ್ಕು ಸೆಳೆ ಬೇರೆ ಬಟ್ಟಲಿಗೆ ಹಿಂಡಿ ನೋಡಿರಿ. ಗಂಟು ಕಂಡರೆ ಕೆಚ್ಚಲುಬಾವು. ಆ ದನವನ್ನು ಕಡೆಗೆ ಹಿಂಡಿರಿ, ಅದರ ಹಾಲು ಡೇರಿಗೆ ಬ್ಯಾಡ. ಕೆಚ್ಚಲು ಮುಟ್ಟಿದ ಮೇಲೆ ಹಾಲು ಇಳಿಯುವುದು ಕೆಲವೇ ನಿಮಿಷ. ಅಷ್ಟರೊಳಗೆ ಹಿಂಡಿ ಮುಗಿಸಬೇಕು. ಹೆಬ್ಬೆರಳು ಮಡಚಿ ಎಳೆಯದೆ ಇಡೀ ಮುಷ್ಟಿಯಿಂದ ಒತ್ತಿರಿ. ಹಿಂಡಿದ ಮೇಲೆ ತೊಟ್ಟು ಅಯೋಡಿನ್ನಿನಲ್ಲಿ ಅದ್ದಿ, ಮುಂದೆ ಕಣಿಕಿ ಹಾಕಿ ಅರ್ಧ ತಾಸು ನಿಲ್ಲಿಸಿರಿ, ತೊಟ್ಟಿನ ಬಾಯಿ ಮುಚ್ಚುವವರೆಗೂ ಸಗಣಿಯಲ್ಲಿ ಮಲಗಬಾರದು.

ಇನ್ನು ಲೆಕ್ಕ. ಮಷಿನ್‌ಗೆ ಕರೆಂಟು ಬೇಕು, ರಬ್ಬರು ಕಾಲಕಾಲಕ್ಕೆ ಬದಲಿಸಬೇಕು, ಎರಡೂ ಹೊತ್ತು ತೊಳೆಯಲಿಕ್ಕೆ ಬಿಸಿನೀರು ಬೇಕು. ಬ್ಯಾಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ದಾರಿ ಕಾಯುವ ತಾಲೂಕು ನಮ್ಮದು. ತೊಳೆಯದ ಮಷಿನ್ ಒಂದು ದನದ ರೋಗ ಇನ್ನೊಂದಕ್ಕೆ ಹಂಚುತ್ತದೆ. ಎರಡು ಮೂರು ದನಕ್ಕೆ ಕೈಯೇ ಸಾಕು. ಉಳಿದ ದುಡ್ಡಿಗೆ ಮೇವು ಬರುತ್ತದೆ. ದನ ಎಂಟು ಹತ್ತಾದಾಗ, ಅಥವಾ ಹಿಂಡಿ ಹಿಂಡಿ ಅವ್ವನ ಬೆರಳು ಸೆಟೆದಾಗ, ಮಷಿನ್ ಮಾತು ತೆಗೆಯಿರಿ.

ಕಡೆಗೆ ಒಂದು ಮಾತು. ಹಿಂಡುವವಳು ಅವ್ವ, ಪುಸ್ತಕದಲ್ಲಿ ಹೆಸರು ಅಪ್ಪಂದು. ನಮ್ಮ ಹಾಲು ಯಾರೂ ಕೊಳ್ಳದಿದ್ದಾಗ ನಮಗೆ ಅನ್ಯಾಯವಾಯಿತು ಅನ್ನುತ್ತೇವೆ, ಖರೇ. ಹಾಗಾದರೆ ಹಿಂಡಿದ ಕೈಗೆ ಹಾಲಿನ ಬಿಲ್ಲು ಸಿಗದಿದ್ದರೆ ಅದಕ್ಕೆ ಏನನ್ನಬೇಕು? ಮಷಿನ್ ಆಮೇಲೆ ಬರಲಿ. ಈ ವರ್ಷ ಡೇರಿಯ ಸಭಾಸದರ ಪಟ್ಟಿಯಲ್ಲಿ ಅವ್ವನ ಹೆಸರು ಬರೆಸಿರಿ.

ಜೈ ಭೀಮ್!