ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ

ಇಂಗ್ಲೆಂಡಿನ ದೊಡ್ಡ ಬ್ಯಾಂಕುಗಳು ಹದಿನೆಂಟು ತುಂಬಿದ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಸೇರಿಸಿಕೊಂಡು, ಕಂಪ್ಯೂಟರ್ ವಿದ್ಯೆ ಕಲಿಸಿ, ಸಂಬಳ ಕೊಟ್ಟು, ಮೂರು ನಾಲ್ಕು ವರ್ಷದಲ್ಲಿ ಒಂದು ಪದವಿಯನ್ನೂ ಕೊಡಿಸುತ್ತವೆ. ಇದಕ್ಕೆ ಡಿಗ್ರಿ ಅಪ್ರೆಂಟಿಸ್‌ಶಿಪ್ ಅಂತ ಹೆಸರು. ಓದುವವನು ಒಂದು ಪೈಸೆ ಫೀಜು ಕಟ್ಟಬೇಕಿಲ್ಲ. ಕೇಳಿದರೆ ಯಾರಿಗಾದರೂ ಆಸೆ ಆಗಬೇಕು, ನಮಗೂ ಆಯಿತು. ಆದರೆ ಧಣಿ 'ಕಲಿಸ್ತೀನಿ ಬಾ' ಅಂದಾಗಲೆಲ್ಲ, ಪತ್ರದಲ್ಲಿ ಏನು ಬರೆದಿದೆ ಅಂತ ಎರಡು ಸಲ ಓದಿಸಿ ಕೇಳಬೇಕು ಅನ್ನೋದನ್ನು ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿ, ಪೆಟ್ಟು ತಿಂದು ಕಲಿತವರು. ಅದಕ್ಕೇ ಈ ಕರಾರಿನ ಚರಿತ್ರೆಯನ್ನು ಬುಡದಿಂದ ಕೆದಕಿ ನೋಡುತ್ತೇವೆ.

ಅಪ್ರೆಂಟಿಸ್ ಕರಾರಿಗೆ ಅಲ್ಲಿ ಇಂಡೆಂಚರ್ ಅನ್ನುತ್ತಿದ್ದರು. ಒಂದೇ ಹಾಳೆಯಲ್ಲಿ ಒಂದೇ ಮಾತನ್ನು ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಒಂದು ತುಂಡು ಯಜಮಾನನಿಗೆ, ಇನ್ನೊಂದು ಹುಡುಗನ ಕಡೆಯವರಿಗೆ ಕೊಡುತ್ತಿದ್ದರು. ಮುಂದೆ ತಕರಾರು ಬಂದರೆ ಹಲ್ಲಿಗೆ ಹಲ್ಲು ಕೂಡಿಸಿ ನೋಡಬೇಕು, ಕೂಡಿದರೆ ಪತ್ರ ಖರೆ. ಯಜಮಾನನ ಗುಟ್ಟು ಕಾಯಬೇಕು, ಮದುವೆ ಆಗಬಾರದು, ಹೆಂಡದಂಗಡಿಗೆ ಹೋಗಬಾರದು, ಜೂಜಾಡಬಾರದು ಅಂತ ಅದರಲ್ಲಿ ಬರೆದಿರುತ್ತಿತ್ತು. ಇದಕ್ಕೆ ಬದಲಾಗಿ ಅವನು ಅನ್ನ, ಬಟ್ಟೆ, ಸೂರು ಕೊಟ್ಟು ಕಸುಬು ಕಲಿಸಬೇಕು. 1563ರಲ್ಲಿ ಎಲಿಜಬೆತ್ ರಾಣಿಯ ಸರಕಾರ ಇದಕ್ಕೆ ಕಾನೂನು ಮಾಡಿ, ಕಲಿಕೆ ಕಡಿಮೆ ಅಂದರೂ ಏಳು ವರ್ಷ ಇರಬೇಕೆಂದು ಗೊತ್ತುಮಾಡಿತು.

ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ, ನಾವು ಅಲ್ಲಿ ಬೆರಳಿಟ್ಟು ನಿಲ್ಲಬೇಕು. ಪಟ್ಟಣಗಳ ವರ್ತಕರು, ಅಕ್ಕಸಾಲಿಗರು, ಬಟ್ಟೆ ವ್ಯಾಪಾರಿಗಳು ಇಂಥವರು ತಮ್ಮ ಸ್ವಂತ ಮಕ್ಕಳನ್ನು ಬಿಟ್ಟರೆ, ವರ್ಷಕ್ಕೆ ಇಂತಿಷ್ಟು ಉತ್ಪನ್ನ ಬರುವ ಸ್ವಂತ ಜಮೀನು ಇದ್ದವರ ಮಕ್ಕಳನ್ನು ಮಾತ್ರ ಅಪ್ರೆಂಟಿಸ್ ಮಾಡಿಕೊಳ್ಳಬೇಕು. ನೇಗಿಲು ಹೊಡೆಯುವವನ ಮಗನಿಗೆ ಆ ಬಾಗಿಲು ಕಾನೂನಿನಿಂದಲೇ ಮುಚ್ಚಿತ್ತು. ಲಂಡನ್ ನಗರಕ್ಕೆ ಇದರಿಂದ ವಿನಾಯಿತಿ ಇತ್ತು ನಿಜ. ಆದರೆ ಅಲ್ಲಿ ಬಾಗಿಲು ಕಾಯುತ್ತಿದ್ದದ್ದು ಪ್ರೀಮಿಯಂ, ಅಂದರೆ ಮಗನನ್ನು ಸೇರಿಸಿಕೊಳ್ಳಲು ಅಪ್ಪ ಯಜಮಾನನಿಗೆ ಮುಂಗಡ ಕಟ್ಟಬೇಕಾದ ದುಡ್ಡು. ಲಾಭದ ಕಸುಬಾದಷ್ಟೂ ಪ್ರೀಮಿಯಂ ಜಾಸ್ತಿ. ಲಂಡನ್ನಿನ ಬ್ಯಾಂಕುಗಳು ಹುಟ್ಟಿದ್ದು ಈ ಅಕ್ಕಸಾಲಿಗರ ಅಂಗಡಿಗಳಲ್ಲೇ. ಊರವರ ಚಿನ್ನ ಇಟ್ಟುಕೊಂಡು ಚೀಟಿ ಬರೆದು ಕೊಡುತ್ತಿದ್ದವರು ಕ್ರಮೇಣ ಸಾಲ ಕೊಡುವ ಸಾಹುಕಾರರಾದರು. 1690ರ ಹೊತ್ತಿಗೆ ಲೊಂಬಾರ್ಡ್ ಬೀದಿಯಲ್ಲಿ ಜಾನ್ ಫ್ರೀಮ್ ಎಂಬ ಅಕ್ಕಸಾಲಿಗ ನಡೆಸುತ್ತಿದ್ದ ವಹಿವಾಟೇ ಇವತ್ತಿನ ಬಾರ್ಕ್ಲೇಸ್ ಬ್ಯಾಂಕಿನ ಮೂಲ.

ಹಾಗಾದರೆ ದುಡ್ಡಿಲ್ಲದವರ ಮಕ್ಕಳು ಅಪ್ರೆಂಟಿಸ್ ಆಗಲೇ ಇಲ್ಲವೋ? ಆದರು. 1601ರ ಬಡವರ ಕಾನೂನಿನ ಪ್ರಕಾರ ಚರ್ಚಿನ ಹೋಬಳಿಯವರು ದಿಕ್ಕಿಲ್ಲದ ಮಕ್ಕಳನ್ನು ಯಾರಿಗಾದರೂ ಅಪ್ರೆಂಟಿಸ್ ಆಗಿ ಒಪ್ಪಿಸಬಹುದಿತ್ತು. ಗಂಡಾದರೆ 24 ವರ್ಷ ತುಂಬುವ ತನಕ, ಹೆಣ್ಣಾದರೆ 21 ತುಂಬುವ ತನಕ ಇಲ್ಲವೇ ಮದುವೆಯಾಗುವ ತನಕ. ಮುಂದೆ ಹತ್ತಿ ಗಿರಣಿಗಳು ಬಂದಾಗ ಲಂಡನ್ನಿನ ಮಕ್ಕಳನ್ನು ಗಾಡಿಗಟ್ಟಲೆ ಉತ್ತರದ ಕಡೆಗೆ ಸಾಗಿಸಿದರು. 1802ರಲ್ಲಿ ಪಾರ್ಲಿಮೆಂಟು ಮರುಕಪಟ್ಟು ಒಂದು ಕಾನೂನು ತಂದಿತು. ಆ ಮರುಕದ ಅಳತೆ ಏನು ಅಂತೀರಿ? ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ಮೊದಲ ನಾಲ್ಕು ವರ್ಷ ಸ್ವಲ್ಪ ಓದು, ಬರಹ, ಲೆಕ್ಕ ಕಲಿಸಬೇಕು. ಒಂದೇ ಹೆಸರಿನ ಕಾಗದ. ಉಳ್ಳವನ ಮಗನಿಗೆ ಅದು ಏಣಿ, ಇಲ್ಲದವನ ಮಗನಿಗೆ ಜೀತ. 1834ರ ನಂತರ ನಮ್ಮ ದೇಶದ ಕೂಲಿಗಳನ್ನು ಮಾರಿಷಸ್ಸಿಗೆ ಹಡಗು ಹತ್ತಿಸಿದಾಗ ಅವರ ಕರಾರಿಗೂ ಇದೇ ಇಂಡೆಂಚರ್ ಎಂಬ ಹೆಸರಿತ್ತು. ನಮ್ಮ ಜನ ಅದನ್ನು ಗಿರ್ಮಿಟ್ ಅಂದರು.

ಇಷ್ಟಾದರೂ ಒಂದು ಮಾತು ಒಪ್ಪಬೇಕು. ಆ ಕಾಗದಕ್ಕೆ ಒಂದು ಕೊನೆಯ ತಾರೀಖು ಇತ್ತು. ಏಳು ವರ್ಷ ಮುಗಿದರೆ ಹುಡುಗ ಸ್ವತಂತ್ರ. ನಮ್ಮ ಕೇರಿಗಳಲ್ಲಿ ಚರ್ಮ ಹದ ಮಾಡುವುದನ್ನೂ ತಮಟೆ ಬಡಿಯುವುದನ್ನೂ ಅಪ್ಪನಿಂದ ಮಗ ಕಲಿತ. ಅದಕ್ಕೆ ಕಾಗದವೂ ಇರಲಿಲ್ಲ, ತಾರೀಖೂ ಇರಲಿಲ್ಲ.

1814ರಲ್ಲಿ ಏಳು ವರ್ಷದ ಕಡ್ಡಾಯ ಹೋಯಿತು. ಆದರೆ ಬ್ಯಾಂಕಿನ ಬಾಗಿಲು ಮಾತ್ರ ಅಗಲವಾಗಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಗುಮಾಸ್ತನಾಗಲು ಡೈರೆಕ್ಟರೊಬ್ಬರು ಹೆಸರು ಸೂಚಿಸಬೇಕಿತ್ತು, ಜಾಮೀನೂ ಬೇಕಿತ್ತು. ಹೆಂಗಸರು ಅಲ್ಲಿ ಗುಮಾಸ್ತೆಯರಾಗಿ ಕಾಲಿಟ್ಟದ್ದು 1894ರಲ್ಲಿ, ವಾಪಸು ಬಂದ ನೋಟುಗಳನ್ನು ವಿಂಗಡಿಸುವ ಕೆಲಸಕ್ಕೆ. 1879ರಲ್ಲಿ ಲಂಡನ್ನಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ಎಂಬ ಸಂಸ್ಥೆ ಹುಟ್ಟಿತು. ಅಲ್ಲಿಂದಾಚೆ ಗುಮಾಸ್ತರು ಹಗಲು ಲೆಜರ್ ಬರೆದು, ರಾತ್ರಿ ಪರೀಕ್ಷೆಗೆ ಓದಿದರು. ದುಡಿಯುತ್ತಾ ಓದುವ ಪದ್ಧತಿಯ ಬೀಜ ಅಲ್ಲಿದೆ. 1961ರಲ್ಲಿ ಬಾರ್ಕ್ಲೇಸ್ ಲಂಡನ್ನಿನಲ್ಲಿ ಕಂಪ್ಯೂಟರ್ ಕೇಂದ್ರ ತೆರೆಯಿತು. 1967ರ ಜೂನ್ 27ರಂದು ಎನ್‌ಫೀಲ್ಡಿನಲ್ಲಿ ಗೋಡೆಯೊಳಗಿಂದ ನೋಟು ಕೊಡುವ ಯಂತ್ರ ನಿಲ್ಲಿಸಿತು. ಲೆಜರ್ ಹೋಗಿ ಯಂತ್ರ ಬಂತು. ಈಗ ಬ್ಯಾಂಕು ಅನ್ನೋದೇ ಒಂದು ದೊಡ್ಡ ಕಂಪ್ಯೂಟರು. ಅದು ಕೆಟ್ಟರೆ ಏನಾಗುತ್ತದೆ? 2012ರ ಜೂನಿನಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಗುಂಪಿನಲ್ಲಿ ಸಾಫ್ಟ್‌ವೇರ್ ಬದಲಾಯಿಸುವಾಗ ಎಡವಟ್ಟಾಗಿ ಸುಮಾರು 65 ಲಕ್ಷ ಗಿರಾಕಿಗಳಿಗೆ ತೊಂದರೆಯಾಯಿತು. 2014ರಲ್ಲಿ ಬಿದ್ದ ದಂಡ 5 ಕೋಟಿ 60 ಲಕ್ಷ ಪೌಂಡು. ಕೂಡಿಟ್ಟ ಹಣ ಇದ್ದವನು ಒಂದು ವಾರ ತಡೆದುಕೊಂಡಾನು. ವಾರದ ಕೂಲಿ ಖಾತೆಗೆ ಬೀಳಲಿ ಅಂತ ಕಾದು ಕೂತವನ ಗತಿ?

ಈ ಯಂತ್ರ ನೋಡಿಕೊಳ್ಳುವ ಕೈಗಳು ಬ್ಯಾಂಕುಗಳಿಗೆ ಬೇಕಾಗಿದ್ದವು. ಅತ್ತ 2012ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಫೀಜಿನ ಮಿತಿ ವರ್ಷಕ್ಕೆ 9000 ಪೌಂಡಿಗೆ ಏರಿತ್ತು. ಸಾಲ ಮಾಡದೆ ಓದುವ ಹಾಗಿರಲಿಲ್ಲ. ಈ ಎರಡು ಒತ್ತಡದ ನಡುವೆ, 2015ರಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಶುರುವಾಯಿತು. ವಾರದಲ್ಲಿ ಹೆಚ್ಚು ದಿನ ಬ್ಯಾಂಕಿನ ತಂಡದ ಜೊತೆ ಕೆಲಸ. ಪ್ರೋಗ್ರಾಂ ಬರೆಯುವುದು, ಇನ್ನೊಬ್ಬರು ಬರೆದದ್ದನ್ನು ಪರೀಕ್ಷಿಸುವುದು, ಕಳ್ಳರು ಎಲ್ಲಿಂದ ನುಗ್ಗಬಹುದು ಅಂತ ಹುಡುಕುವುದು. ಉಳಿದ ಸಮಯ ಓದು. ಕೆಲಸದ ಹೊತ್ತಿನ ಐದರಲ್ಲಿ ಒಂದು ಪಾಲು ಕಲಿಕೆಗೆ ಬಿಡಬೇಕು ಅನ್ನೋದು ಮೊದಲಿನ ನಿಯಮ. 2022ರಲ್ಲಿ ಅದನ್ನು ವಾರಕ್ಕೆ ಆರು ಗಂಟೆ ಅಂತ ಬದಲಾಯಿಸಿದರು. ಕೊನೆಗೆ, ತಾನು ಬ್ಯಾಂಕಿನಲ್ಲಿ ಮಾಡಿದ ಒಂದು ಕೆಲಸವನ್ನೇ ಪರೀಕ್ಷಕರ ಮುಂದೆ ಇಟ್ಟು ಸಮರ್ಥಿಸಬೇಕು. ಪದವಿ ಬಂದರೆ ಅದು ಹುಡುಗನದು, ಬ್ಯಾಂಕು ಕಿತ್ತುಕೊಳ್ಳಲಾಗದು. ಹಳೆಯ ಇಂಡೆಂಚರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನಮಗೆ ಕಾಣುತ್ತದೆ. ಸಂಬಳ, ರಜೆ, ಕೆಲಸಗಾರನ ಹಕ್ಕು ಎಲ್ಲ ಇದೆ. ಸುಲಭ ಅಂತ ಮಾತ್ರ ತಿಳಿಯಬೇಡಿ. ಕಾಲೇಜಿನ ಗೆಳೆಯರು ಬೇಸಿಗೆ ರಜೆಯಲ್ಲಿರುವಾಗ ಇವನು ದುಡಿದು ಬಂದು ರಾತ್ರಿ ಪ್ರಬಂಧ ಬರೆಯಬೇಕು.

ಇದರ ಖರ್ಚು ಯಾರದು? 2017ರ ಏಪ್ರಿಲ್‌ನಿಂದ, ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಬಟವಾಡೆ ಮಾಡುವ ಧಣಿಗಳು ಅದರ ಮೇಲಿನ ಮೊತ್ತಕ್ಕೆ ನೂರಕ್ಕೆ ಅರ್ಧದಂತೆ ತೆರಿಗೆ ಕಟ್ಟಬೇಕಾಯಿತು. ಆ ಹಣ ತರಬೇತಿಗೆ ಮಾತ್ರ. ಬಳಸದಿದ್ದರೆ ಅವಧಿ ಮೀರಿ ಕೈತಪ್ಪುತ್ತದೆ. ಬಡ ಮಕ್ಕಳಿಗೆ ಬಾಗಿಲು ತೆರೆಯಿತು ಅಂತ ಸರಕಾರ ಡಂಗುರ ಹೊಡೆಯಿತು. ಆದರೆ ಧಣಿಗಳು ಆ ದುಡ್ಡಿನ ಒಂದು ಪಾಲನ್ನು ಆಗಲೇ ಕುರ್ಚಿಯಲ್ಲಿ ಕೂತಿದ್ದವರಿಗೇ ಮೇಲಿನ ಪದವಿ ಕೊಡಿಸಲು ಬಳಸಿದರು. ಸಟನ್ ಟ್ರಸ್ಟ್ ಎಂಬ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿ ನೋಡಿತು. ಡಿಗ್ರಿ ಅಪ್ರೆಂಟಿಸ್‌ಗಳಲ್ಲಿ ಅತಿ ಶ್ರೀಮಂತ ಪ್ರದೇಶಗಳಿಂದ ಬಂದವರು ಅತಿ ಬಡ ಪ್ರದೇಶಗಳವರ ಎರಡು ಪಟ್ಟು ಇದ್ದರು. ಪ್ರೀಮಿಯಂ ಈಗಿಲ್ಲ. ಆದರೆ ಒಳ್ಳೆ ಶಾಲೆಯ ಅಂಕ ಬೇಕು, ಕ್ಯಾಮೆರಾ ಮುಂದೆ ತೊದಲದೆ ಮಾತಾಡಬೇಕು, ಇಂಥದೊಂದು ಇದೆ ಅಂತ ಮನೆಯಲ್ಲಿ ಹೇಳುವವರು ಇರಬೇಕು. ಲಂಡನ್ನಿನ ಬಾಡಿಗೆಯನ್ನು ಮೊದಲ ಸಂಬಳ ಬರೋ ತನಕ ಯಾರಾದರೂ ಕಟ್ಟಬೇಕು. ಇವೂ ಒಂದು ಬಗೆಯ ಪ್ರೀಮಿಯಮ್ಮೇ.

ಇತ್ತ ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯಿದೆ ಇದೆ. 1973ರಲ್ಲಿ ಅದಕ್ಕೆ 3ಎ ಎಂಬ ಕಲಂ ಸೇರಿಸಿ, ಗೊತ್ತುಪಡಿಸಿದ ಕಸುಬುಗಳ ತರಬೇತಿ ಜಾಗಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಪಾಲು ಇಟ್ಟರು. ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕು ಅನ್ನೋದನ್ನು ಕಾನೂನಿನಲ್ಲೇ ಬರೆದದ್ದು ಇಂಗ್ಲೆಂಡಿನಲ್ಲಿ ಇಲ್ಲದ ಮಾತು. ಆದರೆ ಒಳಗೆ ಹೋದ ಮೇಲೆ? ಅದೇ ಕಾಯಿದೆಯ 18ನೇ ಕಲಮಿನ ಪ್ರಕಾರ ಅಪ್ರೆಂಟಿಸ್ ಕೆಲಸಗಾರನೇ ಅಲ್ಲ, ಬರೀ ತರಬೇತಿಯವನು. ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಕೆನರಾ ಬ್ಯಾಂಕು 2024ರಲ್ಲಿ 3000 ಪದವೀಧರ ಅಪ್ರೆಂಟಿಸ್‌ಗಳನ್ನು ಕರೆಯಿತು. ಒಂದು ವರ್ಷ, ತಿಂಗಳಿಗೆ 15,000 ರೂಪಾಯಿ. ಅಲ್ಲಿ ಕೆಲಸದ ಜೊತೆ ಪದವಿ ಸಿಗುತ್ತದೆ. ಇಲ್ಲಿ ಪದವಿ ಸಂಪಾದಿಸಿಕೊಂಡು ಬಂದವನು ಅಪ್ರೆಂಟಿಸ್ ಆಗುತ್ತಾನೆ.

ನಮ್ಮ ಹಾಸ್ಟೆಲುಗಳ ಹುಡುಗರು ಇಂಥ ಅರ್ಜಿಗಳನ್ನು ತುಂಬಿಸುತ್ತಿದ್ದಾರೆ. ತುಂಬಿಸಲಿ, ಬೇಡ ಅನ್ನೋಕೆ ನಾವ್ಯಾರು? ಅರ್ಜಿ ತುಂಬಿಸಿಕೊಡುವ ಮೇಷ್ಟ್ರುಗಳು 22ನೇ ಕಲಮನ್ನೂ ಗಟ್ಟಿಯಾಗಿ ಓದಿ ಹೇಳಲಿ. ಕರಾರಿನಲ್ಲಿ ಹಾಗೆಂದು ಬರೆದಿರದಿದ್ದರೆ, ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಹೊಣೆ ಯಜಮಾನನದಲ್ಲ ಅಂತ 2014ರ ತಿದ್ದುಪಡಿಯ ತನಕ ಅದರಲ್ಲಿತ್ತು, ಈಗ ತರಬೇತಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ನೀತಿಯನ್ನು ಯಜಮಾನನೇ ರೂಪಿಸಿಕೊಳ್ಳಬೇಕು ಅಂತ ಇದೆ.