ಮಣಿಯುವುದೂ ಕಪ್ಪಗೊಡುವುದೂ

ಹನಗೋಡಿನ ಬಳಿ ಲಕ್ಷ್ಮಣತೀರ್ಥಕ್ಕೆ ಕಟ್ಟಿರುವ ಅಣೆಯ ನಾಲೆಯಿಂದ ನೀರುಂಡ ಗದ್ದೆಯು ಬತ್ತವನ್ನು ಕೊಡುವುದಕ್ಕೂ, ಮುತ್ತಿಗೆಗೆ ಸಿಕ್ಕಿದ ದುರ್ಗವು ಶತ್ರುವಿನ ವಶವಾಗುವುದಕ್ಕೂ ಇಂಗ್ಲಿಷರು ‘ಯೀಲ್ಡ್’ ಎಂಬ ಒಂದೇ ಕ್ರಿಯಾಪದವನ್ನು ಪ್ರಯೋಗಿಸುವರು. ಫಲವನ್ನೀಯುವ ಭೂಮಿಗೂ ಸೋತ ಕೋಟೆಗೂ ಸಮಾನವಾದುದೇನೆಂದು ವಾಚಕರಿಗೆ ಆಶ್ಚರ್ಯವಾಗಬಹುದು. ಆ ಶಬ್ದದ ಮೂಲಾರ್ಥವು ‘ತೆರು, ಸಲ್ಲಿಸು’ ಎಂಬುದಾಗಿದೆ. ಜರ್ಮನರು ಹಣಕ್ಕೆ ಹೇಳುವ ‘ಗೆಲ್ಟ್’ ಎಂಬುದೂ ಇದರ ಜ್ಞಾತಿಯೇ. ಕ್ರಿ. ಶ. 991ರಲ್ಲಿ ಮಾಲ್ಡನ್ ಎಂಬಲ್ಲಿ ಪರಾಜಿತರಾದ ಇಂಗ್ಲಿಷರು ಕಡಲಿನಿಂದ ಬಂದ ಡೇನರಿಗೆ 10,000 ಪೌಂಡುಗಳನ್ನು ತೆತ್ತು ಅವರನ್ನು ಸಾಗಹಾಕಿದರು. ಇಂತಹ ತೆರಿಗೆಗೆ ಮುಂದೆ ‘ಡೇನ್‌ಗೆಲ್ಡ್’ ಎಂದು ಹೆಸರಾಯಿತು.

ನಮ್ಮ ನುಡಿಯ ದಾರಿಯು ಬೇರೆ. ‘ಮಣಿ’ ಎಂದರೆ ಮೈ ಬಾಗುವುದು. ‘ಶರಣಾಗು’, ‘ಮರೆಹೊಗು’ ಎಂದರೆ ರಕ್ಷಣೆಯನ್ನು ಬೇಡುವುದು. ‘ಸೋಲು’ ಎಂಬುದಂತೂ ರಣರಂಗವನ್ನು ಬಿಟ್ಟು ಗಾನಕ್ಕೂ ಚೆಲುವಿಗೂ ಸಲ್ಲುವುದುಂಟು. ‘ಯೀಲ್ಡ್’ ಎಂಬುದರ ಮೂಲಾರ್ಥಕ್ಕೆ ಸಮೀಪವಾದುದು ‘ಕಪ್ಪಗೊಡು’ ಎಂಬುದೊಂದೇ. ಆದಕಾರಣ ಇಂಗ್ಲಿಷಿನಲ್ಲಿ ಬರೆದ ದೇಶಚರಿತ್ರೆಗಳನ್ನು ಕನ್ನಡಿಸುವವರು ಎಲ್ಲೆಡೆಯೂ ‘ಶರಣಾದರು’ ಎಂದುಬಿಟ್ಟರೆ ಸತ್ತವರಿಗೆ ಅನ್ಯಾಯವಾದೀತು.

ಇದಕ್ಕೆ ಹನಗೋಡಿನ ನೆರೆಯ ಪಿರಿಯಾಪಟ್ಟಣವೇ ಸಾಕ್ಷಿ. ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನನ್ನು ಕುಲದೈವವಾಗಿ ಉಳ್ಳ ಚಂಗಾಳ್ವರಿಗೆ ಅದು ರಾಜಧಾನಿಯಾಗಿದ್ದಿತು. 1644ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆಯು ಅದನ್ನು ಮುತ್ತಿತು. ಕೋಟೆ ನಿಲ್ಲದೆಂದು ಕಂಡ ವೀರರಾಜನು ತನ್ನ ಮಡದಿಮಕ್ಕಳನ್ನು ತಾನೇ ಕೊಂದು, ಖಡ್ಗಪಾಣಿಯಾಗಿ ಮಡಿದನೆಂದು ಪ್ರಾಂತ್ಯದ ಚರಿತ್ರೆಗಳು ಹೇಳುತ್ತವೆ. ಆ ಸ್ತ್ರೀಯರೂ ಶಿಶುಗಳೂ ಏನನ್ನು ಬಯಸಿದ್ದರೋ ಯಾರೂ ಕೇಳಲಿಲ್ಲ. ಇದನ್ನು ಬರಿಯ ಶೌರ್ಯವೆಂದು ಕೊಂಡಾಡಲು ಮನಸ್ಸು ಹಿಂಜರಿಯುವುದು. ಆದರೂ ಕೋಟೆಯು ಬಿದ್ದಿತೇ ಹೊರತು ಅರಸನು ಮಣಿಯಲಿಲ್ಲ, ಕಪ್ಪವನ್ನೂ ಕೊಡಲಿಲ್ಲ.

1791ರಲ್ಲಿ ಕೊಡಗಿನ ಮಾರ್ಗವಾಗಿ ಇದೇ ಪಿರಿಯಾಪಟ್ಟಣದವರೆಗೆ ಬಂದ ಅಬರ್ ಕ್ರಾಂಬಿಯು, ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಳಿಯಿಂದ ಹಿಂದಿರುಗಿದುದನ್ನು ತಿಳಿದು ತಾನೂ ಹಿಮ್ಮೆಟ್ಟಿದನು. ಹಿಂದೆಗೆದವನು ಮಣಿದವನಲ್ಲ, ಮರುವರ್ಷ ಇಬ್ಬರೂ ಮತ್ತೆ ಬಂದರು. ಆಗ ಟೀಪೂ ಸುಲ್ತಾನನು ಮಾಡಿದುದೇ ‘ಯೀಲ್ಡ್’ ಎಂಬುದರ ಪೂರ್ಣಾರ್ಥ. ರಾಜ್ಯದಲ್ಲಿ ಅರ್ಧ, 3 ಕೋಟಿ 30 ಲಕ್ಷ ರೂಪಾಯಿ, ಅದು ಸಲ್ಲುವವರೆಗೆ ಒತ್ತೆಯಾಗಿ ಇಬ್ಬರು ಪುತ್ರರು. ಹಣದಲ್ಲಿ ಅರ್ಧವನ್ನು ಒಡನೆಯೇ ತೆರಬೇಕಾಗಿದ್ದಿತು, ಉಳಿದುದನ್ನು ಮೂರು ಕಂತುಗಳಲ್ಲಿ. ಮಕ್ಕಳು ತಂದೆಯ ಬಳಿಗೆ ಮರಳಿದುದು 1794ರಲ್ಲಿ.

ಅದೇ ಸುಲ್ತಾನನು 1799ನೆಯ ಮೇ 4ರಂದು ಕೋಟೆಯು ಒಡೆದಾಗ ಹೋರಾಡುತ್ತ ಮಡಿದನು. ಆ ದಿನದ ವಿಷಯವಾಗಿ ಶ್ರೀರಂಗಪಟ್ಟಣವು ‘ವಶವಾಯಿತು’ ಎನ್ನಬಹುದು. ‘ಶರಣಾಯಿತು’ ಎಂಬ ಮಾತು ಅಲ್ಲಿ ಸಲ್ಲದು.