ಬಾಯಿ ಕ್ಯಾನ್ಸರ್ ಮತ್ತು ಸಸ್ಯಜನ್ಯ ಸಂಯುಕ್ತಗಳು: ಸಾರ್ವಜನಿಕರ ಮಾಹಿತಿಗಾಗಿ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನೊಡನೆ ಅಡಿಕೆಯನ್ನೂ ಬೆಳೆಯಲಾಗುತ್ತಿದ್ದು, ಎಲೆ-ಅಡಿಕೆ ಸೇವನೆ ರೂಢಿಯಲ್ಲಿದೆ. ತಂಬಾಕು ಬೆರೆಸದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ.

ಅರಿಶಿನದ ಕರ್ಕ್ಯುಮಿನ್, ವೀಳ್ಯದೆಲೆಯ ಹೈಡ್ರಾಕ್ಸಿಚಾವಿಕಾಲ್ ಮುಂತಾದ ಸಸ್ಯಜನ್ಯ ಸಂಯುಕ್ತಗಳು ಬಾಯಿ ಕ್ಯಾನ್ಸರ್ ಜೀವಕೋಶಗಳು ತಾವಾಗಿಯೇ ಸಾಯುವಂತೆ ಮಾಡುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ಸೇವಿಸಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪ. ಆದುದರಿಂದ ಇವು ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳಿಗೆ ಬದಲಿಯಲ್ಲ.

ಎರಡು ವಾರಗಳಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ತೊಂದರೆ ಇದ್ದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ನಿಗದಿತ ಚಿಕಿತ್ಸೆ ಉಚಿತ. ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡ್ ಹಾಜರುಪಡಿಸುವುದು.